ಸ್ಲೋನಲ್ಲಿ ಆಫ್ ಆಗುವ ಹಳೆ ಔಟ್‌ಬೋರ್ಡ್ ಎಂಜಿನ್: ಎಲ್ಲಿಂದ ಹುಡುಕಬೇಕು

ಹೊಳೆ ಕಡಲು ಸೇರುವ ಅಳಿವೆ ಬಾಗಿಲಿನಿಂದ ಒಳಗೆ ಬರುವಾಗ ಥ್ರಾಟಲ್ ಇಳಿಸಿ ಎಂಜಿನನ್ನು ಸ್ಲೋಗೆ ತರಲೇಬೇಕು. ಹಿಂದಿನ ಅಲೆ ನೋಡಿಕೊಂಡು, ಸ್ವಲ್ಪ ಕಾದು, ಅದರ ಬೆನ್ನು ಹಿಡಿದು ಒಳಗೆ ಬರಬೇಕು. ಆ ಕಾಯುವ ಹೊತ್ತಿನಲ್ಲಿ ಎಂಜಿನ್ ಆಫ್ ಆದರೆ ದೋಣಿ ಅಲೆಗೆ ಅಡ್ಡ ಬೀಳುತ್ತದೆ. ತೋಟ ಬೆಂಗ್ರೆಯವರಿಗೆ, ಕೋಡಿ ಬೆಂಗ್ರೆಯವರಿಗೆ, ಗಂಗೊಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. "ರೇಸ್ ಮಾಡಿದ್ರೆ ಚೆನ್ನಾಗಿ ಓಡ್ತದೆ, ಸ್ಲೋನಲ್ಲಿ ಮಾತ್ರ ಸ್ವಲ್ಪ ಕಿರಿಕಿರಿ" ಎಂದು ತುಂಬಾ ಜನ ಹೇಳುತ್ತಾರೆ. ಅಂಥ ಎಂಜಿನ್ ಸರಿ ಇದೆ ಎಂದು ನಾನು ಒಪ್ಪುವುದಿಲ್ಲ.

ಇಲ್ಲಿ ಹೇಳುತ್ತಿರುವುದು ದೋಣಿಯ ಹಿಂಬದಿಗೆ ಹೊರಗೆ ಕಟ್ಟುವ ಹಳೆ ಟೂ ಸ್ಟ್ರೋಕ್ ಪೆಟ್ರೋಲ್ ಔಟ್‌ಬೋರ್ಡ್ ಬಗ್ಗೆ. ಕಾರ್ಬುರೇಟರ್ ಇರುವುದು, ಹಗ್ಗ ಎಳೆದು ಸ್ಟಾರ್ಟ್ ಮಾಡುವುದು, ಒಂದರಿಂದ ಮೂರು ಸಿಲಿಂಡರ್ ಇರುವುದು. ನಾಡದೋಣಿಗಳಲ್ಲೂ ಹೊಳೆಯ ಸಣ್ಣ ಬೋಟುಗಳಲ್ಲೂ ಜಾಸ್ತಿ ಇರುವುದು ಇವೇ. ಟ್ರಾಲರ್, ಪರ್ಸೀನ್ ಬೋಟುಗಳದ್ದು ಡೀಸೆಲ್, ಅದರ ಕತೆ ಬೇರೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸ್ಲೋ ಸರಿ ಇಲ್ಲ ಎಂದ ಕೂಡಲೇ ಕೈ ಹೋಗುವುದು ಕಾರ್ಬುರೇಟರಿನ ಸ್ಕ್ರೂಗೆ. ಅಲ್ಲೇ ಎಲ್ಲ ಕೆಡುವುದು. ಸ್ಕ್ರೂ ತಾನಾಗಿ ತಿರುಗಿ ಕೆಡುವುದು ಬಹಳ ಅಪರೂಪ. ಕಳೆದ ವರ್ಷ ಸರಿಯಾಗಿದ್ದ ಸೆಟ್ಟಿಂಗ್ ಈ ವರ್ಷ ಸಾಲುತ್ತಿಲ್ಲ ಎಂದರೆ ಬೇರೆ ಏನೋ ಬದಲಾಗಿದೆ. ಅದನ್ನು ಹುಡುಕದೆ ಸ್ಕ್ರೂ ತಿರುಗಿಸಿದರೆ ಹಳೆ ತೊಂದರೆ ಹಾಗೇ ಉಳಿದು, ಅದರ ಮೇಲೆ ಹೊಸದೊಂದು ಸೇರುತ್ತದೆ.

ಸ್ಲೋನಲ್ಲಿ ಮಾತ್ರ ಯಾಕೆ ಗೊತ್ತಾಗುತ್ತದೆ? ಥ್ರಾಟಲ್ ಪೂರ್ತಿ ತೆರೆದಾಗ ಪೆಟ್ರೋಲ್ ಬರುವುದು ಮೇನ್ ಜೆಟ್‌ನಿಂದ. ಗಾಳಿಯೂ ಧಾರಾಳ, ಪೆಟ್ರೋಲೂ ಧಾರಾಳ. ಎಲ್ಲೋ ಕೂದಲೆಳೆಯಷ್ಟು ಬಿರುಕಿನಿಂದ ಗಾಳಿ ಒಳಗೆ ಬಂದರೂ ಎಂಜಿನ್‌ಗೆ ಲೆಕ್ಕಕ್ಕಿಲ್ಲ. ಸ್ಲೋನಲ್ಲಿ ಹಾಗಲ್ಲ. ಥ್ರಾಟಲ್ ತಟ್ಟೆ ಹೆಚ್ಚುಕಮ್ಮಿ ಮುಚ್ಚಿರುತ್ತದೆ. ಪೆಟ್ರೋಲ್ ಬರುವುದು ಪೈಲಟ್ ಜೆಟ್ ಎಂಬ ತೀರಾ ಸಣ್ಣ ತೂತಿನಿಂದ. ಆಗ ಅದೇ ಬಿರುಕಿನ ಗಾಳಿ ದೊಡ್ಡ ಪಾಲಾಗುತ್ತದೆ. ಕಿಡಿ ಸ್ವಲ್ಪ ವೀಕ್ ಇದ್ದರೂ, ಒಂದು ಸಿಲಿಂಡರ್ ಸ್ವಲ್ಪ ಸವೆದಿದ್ದರೂ ಸ್ಲೋನಲ್ಲೇ ಬಯಲಾಗುವುದು.

ಎಂಜಿನ್ ಏನು ಹೇಳುತ್ತಿದೆ ಎಂದು ಕೇಳಿ

ಸ್ಪ್ಯಾನರ್ ಹಿಡಿಯುವ ಮೊದಲು ಎಂಜಿನ್ ಯಾವ ರೀತಿ ಆಫ್ ಆಗುತ್ತಿದೆ ಎಂದು ಗಮನ ಇಟ್ಟು ನೋಡಿ. "ಸ್ಲೋ ಇಲ್ಲ" ಎನ್ನುವುದು ಒಂದೇ ರೋಗ ಅಲ್ಲ.

ನ್ಯೂಟ್ರಲ್‌ನಲ್ಲಿ ನಿಧಾನ ಓಡುತ್ತದೆ, ಗೇರ್ ಹಾಕಿದ ಕೂಡಲೇ ಆಫ್. ಇದಕ್ಕೆ ಹೆಚ್ಚಿನ ಸಲ ಪೆಟ್ರೋಲ್ ಕಮ್ಮಿಯಾಗಿ ಗಾಳಿ ಜಾಸ್ತಿಯಾಗಿರುವುದು ಕಾರಣ. ಇಲ್ಲವೇ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಕಾರ್ಬುರೇಟರ್ ಬಾಯಿಯಿಂದ "ಫಟ್" ಎಂದು ಸೀನಿದ ಹಾಗೆ ಶಬ್ದ ಬಂದರೆ ಪೆಟ್ರೋಲ್ ಕಮ್ಮಿ ಎನ್ನುವುದು ಗ್ಯಾರಂಟಿ ಎಂದೇ ಇಟ್ಟುಕೊಳ್ಳಿ. ಚೋಕ್ ಸ್ವಲ್ಪ ಎಳೆದಾಗ ಸರಿಯಾದರೂ ಅದೇ ಅರ್ಥ.

ಸ್ಟಾರ್ಟ್ ಆದಾಗ ಚೆನ್ನಾಗಿರುತ್ತದೆ, ನಾಲ್ಕೈದು ನಿಮಿಷ ಸ್ಲೋನಲ್ಲಿ ಬಿಟ್ಟರೆ ಹೊಗೆ ಜಾಸ್ತಿಯಾಗಿ, ದನಿ ದಪ್ಪವಾಗಿ, ಮಿಸ್ಸಿಂಗ್ ಬಂದು ಆಫ್ ಆಗುತ್ತದೆ. ಒಮ್ಮೆ ಜೋರಾಗಿ ರೇಸ್ ಮಾಡಿದರೆ ಮತ್ತೆ ಸರಿ. ಇದು ಪೆಟ್ರೋಲ್ ಜಾಸ್ತಿಯಾಗುತ್ತಿರುವ ಲಕ್ಷಣ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್, ನೀಡಲ್ ವಾಲ್ವ್, ಪೆಟ್ರೋಲ್ ಪಂಪಿನ ಡಯಾಫ್ರಾಮ್ (ರಬ್ಬರ್ ಪೊರೆ), ಇಲ್ಲವೇ ಎಂಜಿನ್ ಬಿಸಿಯೇ ಆಗದೆ ತಣ್ಣಗೆ ಓಡುತ್ತಿರುವುದು.

ಥ್ರಾಟಲ್ ಇಳಿಸಿದರೂ ಸ್ಪೀಡ್ ಇಳಿಯುವುದಿಲ್ಲ, ಅಥವಾ ತಾನಾಗಿ ಏರಿ ಇಳಿಯುತ್ತದೆ. ಎಲ್ಲೋ ಏರ್ ಎಳೆಯುತ್ತಿದೆ, ಅಥವಾ ಕೇಬಲ್, ಲಿಂಕ್ ಸಿಕ್ಕಿಕೊಂಡಿದೆ. ಟೂ ಸ್ಟ್ರೋಕ್‌ನಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪೆಟ್ರೋಲ್ ಕಮ್ಮಿ ಎಂದರೆ ಅದರ ಜೊತೆ ಬರುವ ಎಣ್ಣೆಯೂ ಕಮ್ಮಿ. ಪಿಸ್ಟನ್ ಹಿಡಿದುಕೊಳ್ಳುವುದು ಹೀಗೆಯೇ.

ಸ್ವಲ್ಪ ದೂರ ಹೋದ ಮೇಲೆ ಸೊರಗುತ್ತದೆ, ಪೆಟ್ರೋಲ್ ಹೋಸಿನ ನಡುವೆ ಇರುವ ರಬ್ಬರ್ ಬಲ್ಬ್ ಒತ್ತಿದರೆ ಜೀವ ಬರುತ್ತದೆ. ಇದು ಕಾರ್ಬುರೇಟರಿನ ತಪ್ಪೇ ಅಲ್ಲ. ಟ್ಯಾಂಕಿನಿಂದ ಪಂಪಿನವರೆಗಿನ ದಾರಿ ನೋಡಿ. ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದ್ದೀರಾ? ಸುಮ್ನೆ ಕೇಳುತ್ತಿಲ್ಲ, ಎಷ್ಟೋ ಸಲ ಇಷ್ಟೇ ಆಗಿರುತ್ತದೆ.

ಕಂಪ್ರೆಷನ್ ಮತ್ತು ಕಿಡಿ

ಕಾರ್ಬುರೇಟರ್ ಬಿಚ್ಚುವ ಮೊದಲು ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿ ನೋಡುವುದು ನನ್ನ ಕ್ರಮ. ಸಿಲಿಂಡರೇ ಹೋಗಿದ್ದರೆ ಬೇರೆ ಯಾವ ಕೆಲಸಕ್ಕೂ ಬೆಲೆ ಇಲ್ಲ. ಎಲ್ಲ ಪ್ಲಗ್ ಬಿಚ್ಚಿ. ಪ್ಲಗ್ ವಯರುಗಳನ್ನು ಬಾಡಿಗೆ ತಾಗಿಸಿ ಅರ್ಥ್ ಮಾಡಿ. ಹಾಗೆ ಮಾಡದೆ ಹಗ್ಗ ಎಳೆದರೆ ಸಿಡಿಐ (ಕಿಡಿ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹಾಳಾಗಬಹುದು, ಪ್ಲಗ್ ತೂತಿನಿಂದ ಬರುವ ಪೆಟ್ರೋಲ್ ಆವಿಗೆ ಬೆಂಕಿಯೂ ಹಿಡಿಯಬಹುದು. ಥ್ರಾಟಲ್ ಪೂರ್ತಿ ತೆರೆದು, ಮುಳ್ಳು ಮೇಲೆ ಹೋಗುವುದು ನಿಲ್ಲುವವರೆಗೆ ಜೋರಾಗಿ ಎಳೆಯಿರಿ.

ಹಳೆ ಟೂ ಸ್ಟ್ರೋಕ್ ಔಟ್‌ಬೋರ್ಡುಗಳಲ್ಲಿ ಸಾಮಾನ್ಯವಾಗಿ 90ರಿಂದ 130 ಪಿಎಸ್‌ಐ ಆಸುಪಾಸು ಬರುತ್ತದೆ. ಸೀಮೆಎಣ್ಣೆಯಲ್ಲಿ ಓಡಿಸಲೆಂದೇ ಮಾಡಿದ ಮಾದರಿಗಳಲ್ಲಿ ಕಂಪ್ರೆಷನ್ ಬೇಕೆಂದೇ ಕಮ್ಮಿ ಇಟ್ಟಿರುತ್ತಾರೆ, ಅದಕ್ಕೆ ಹೆದರಬೇಕಾಗಿಲ್ಲ. ನೋಡಬೇಕಾದ್ದು ಸಿಲಿಂಡರುಗಳ ನಡುವಿನ ವ್ಯತ್ಯಾಸ. ಒಂದರಲ್ಲಿ 115, ಇನ್ನೊಂದರಲ್ಲಿ 110 ಬಂದರೆ ಏನೂ ತೊಂದರೆ ಇಲ್ಲ. ಒಂದರಲ್ಲಿ 115, ಇನ್ನೊಂದರಲ್ಲಿ 85 ಬಂದರೆ ಕಾರ್ಬುರೇಟರ್ ಎಷ್ಟು ಕ್ಲೀನ್ ಮಾಡಿದರೂ ಸ್ಲೋ ಬರುವುದಿಲ್ಲ. ಶೇಕಡಾ 10-15ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮೊದಲು ರಿಂಗ್, ಹೆಡ್ ಗ್ಯಾಸ್ಕೆಟ್ ಕಡೆ ಹೋಗಿ.

ಬಿಚ್ಚಿದ ಪ್ಲಗ್‌ಗಳನ್ನು ಯಾವ ಸಿಲಿಂಡರಿನದ್ದು ಎಂದು ಗುರುತಿಟ್ಟು ಸಾಲಾಗಿ ಇಡಿ. ಕಂದು ಬಣ್ಣ ಇದ್ದರೆ ಸರಿ. ಒಂದು ಕಪ್ಪಗೆ ಒದ್ದೆಯಾಗಿದ್ದು ಇನ್ನೊಂದು ಒಣಗಿದ್ದರೆ ಒದ್ದೆ ಇರುವ ಕಡೆ ಉರಿಯುತ್ತಿಲ್ಲ. ಬೆಳ್ಳಗಿದ್ದರೆ ಗಾಳಿ ಜಾಸ್ತಿ. ಇನ್ನೊಂದು ಬಗೆ ಇದೆ, ಉಪ್ಪುನೀರಿನವರು ಇದನ್ನು ಗುರುತಿಸಲು ಕಲಿಯಲೇಬೇಕು. ಒಂದು ಪ್ಲಗ್ ಮಾತ್ರ ತೊಳೆದಿಟ್ಟಷ್ಟು ಕ್ಲೀನ್ ಇರುತ್ತದೆ. ಟಾರ್ಚ್ ಹಾಕಿ ಪ್ಲಗ್ ತೂತಿನಿಂದ ನೋಡಿದರೆ ಆ ಪಿಸ್ಟನ್ ತಲೆಯೂ ಮಸಿಯಿಲ್ಲದೆ ಹೊಳೆಯುತ್ತದೆ. ಪ್ಲಗ್ ಎಳೆಯ ಸುತ್ತ ಬಿಳಿ ಉಪ್ಪಿನ ಪುಡಿ ಕಾಣಬಹುದು. ಇದು ಒಳ್ಳೆಯ ಲಕ್ಷಣ ಅಲ್ಲ ಮಾರಾಯ್ರೆ. ಹೆಡ್ ಗ್ಯಾಸ್ಕೆಟ್‌ನಿಂದ ನೀರು ಸಿಲಿಂಡರಿಗೆ ಇಳಿಯುತ್ತಿದೆ. ಆ ಎಂಜಿನನ್ನು ಒಂದು ದಿನವೂ ಓಡಿಸಬೇಡಿ, ಉಪ್ಪುನೀರು ಬೇರಿಂಗಿಗೆ ಹೋದರೆ ಕ್ರ್ಯಾಂಕ್ ಶಾಫ್ಟೇ ಹೋಗುತ್ತದೆ.

ಕಿಡಿ ನೋಡಲು ಪ್ಲಗ್ ಬಾಡಿಗೆ ತಾಗಿಸಿ ಹಗ್ಗ ಎಳೆಯುವುದು ಎಲ್ಲರ ಅಭ್ಯಾಸ. ಹೊರಗೆ ಗಾಳಿಯಲ್ಲಿ ಪ್ಲಗ್‌ನ ಸಣ್ಣ ಸಂದಿಯಲ್ಲಿ ಕಿಡಿ ಹಾರಿತು ಎಂದರೆ ಸಿಲಿಂಡರ್ ಒಳಗಿನ ಒತ್ತಡದಲ್ಲೂ ಹಾರುತ್ತದೆ ಎಂದಲ್ಲ. ಸಂದಿ ಹೆಚ್ಚು ಕಮ್ಮಿ ಮಾಡಬಹುದಾದ ಸ್ಪಾರ್ಕ್ ಟೆಸ್ಟರ್ ಇಟ್ಟುಕೊಳ್ಳಿ. ಸಿಡಿಐ ಇರುವ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 8-9 ಮಿಲಿಮೀಟರ್ ಅಂತರವನ್ನು ನೀಲಿ ಕಿಡಿ ಸಲೀಸಾಗಿ ದಾಟಬೇಕು. ಕೆಂಪಗೆ, ತೆಳ್ಳಗೆ, ತಪ್ಪಿ ತಪ್ಪಿ ಬಂದರೆ ಕಾಯಿಲ್, ಪ್ಲಗ್ ಕ್ಯಾಪ್, ಅರ್ಥ್ ವಯರ್ ನೋಡಿ. ನಮ್ಮ ಕಡೆ ಅರ್ಥ್ ವಯರಿನ ಬೋಲ್ಟ್ ಕೆಳಗೆ ಹಸಿರು ಕಿಲುಬು ಹಿಡಿದು ಅರ್ಧ ತೊಂದರೆ ಶುರುವಾಗುತ್ತದೆ. ಬಿಚ್ಚಿ, ಎಮರಿ ಪೇಪರಿನಲ್ಲಿ ಉಜ್ಜಿ, ಗ್ರೀಸ್ ಹಚ್ಚಿ ಮತ್ತೆ ಬಿಗಿಮಾಡಿ. ಕೆಲವು ಎಂಜಿನ್‌ಗಳಲ್ಲಿ ಫ್ಲೈವೀಲ್ ಕೆಳಗಿನ ಚಾರ್ಜ್ ಕಾಯಿಲ್‌ನಲ್ಲಿ ಕಮ್ಮಿ ಸ್ಪೀಡಿಗೆ ಒಂದು, ಜಾಸ್ತಿ ಸ್ಪೀಡಿಗೆ ಒಂದು ಎಂದು ಬೇರೆ ಬೇರೆ ಸುತ್ತು ಇರುತ್ತದೆ. ಕಮ್ಮಿ ಸ್ಪೀಡಿನ ಸುತ್ತು ಮಾತ್ರ ಹೋದರೆ ಸ್ಲೋನಲ್ಲಿ ಕಿಡಿ ಇಲ್ಲ, ಮೇಲೆ ಎಲ್ಲ ಸರಿ. ಮೀಟರ್ ಹಾಕಿ ಓಮ್ ಅಳೆದು ಎಂಜಿನ್ ಪುಸ್ತಕದ ಅಂಕಿಗೆ ಹೋಲಿಸಿದರೆ ಗೊತ್ತಾಗುತ್ತದೆ.

ಪ್ಲಗ್ ಬದಲಿಸುವಾಗ ಅಂಗಡಿಯವರು "ಇದೂ ನಡೀತದೆ" ಎಂದು ಕೊಟ್ಟದ್ದನ್ನು ಹಾಕಬೇಡಿ. ಎನ್‌ಜಿಕೆ ಪ್ಲಗ್‌ನ ನಂಬರಿನ ಕೊನೆಗೆ 10 ಎಂದಿದ್ದರೆ ಸಂದಿ 1.0 ಮಿಲಿಮೀಟರ್ ಎಂದು ಅರ್ಥ. ಆ ಬಾಲ ಇರುವುದಕ್ಕೂ ಇಲ್ಲದ್ದಕ್ಕೂ ಸಂದಿಯಲ್ಲಿ ವ್ಯತ್ಯಾಸ ಇದೆ, ಸ್ಲೋನಲ್ಲಿ ಅದು ಗೊತ್ತಾಗುತ್ತದೆ.

ಪೆಟ್ರೋಲ್: ಬಂಕಿನಿಂದ ಪೈಲಟ್ ಜೆಟ್‌ವರೆಗೆ

ಕರಾವಳಿಯ ಹಳೆ ಎಂಜಿನ್‌ಗಳಿಗೆ ಅತಿ ಹೆಚ್ಚು ತೊಂದರೆ ಬರುವುದು ಇಲ್ಲಿ.

ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್. ಹಳೆ ಔಟ್‌ಬೋರ್ಡುಗಳನ್ನು ಮಾಡಿದವರ ಮನಸ್ಸಿನಲ್ಲಿ ಇದು ಇರಲಿಲ್ಲ. ಎಥನಾಲ್ ಒಪ್ಪುವ ಔಟ್‌ಬೋರ್ಡ್ ಕಂಪನಿಗಳೂ ಹೆಚ್ಚಾಗಿ ಶೇಕಡಾ 10ಕ್ಕೆ ಮಿತಿ ಹಾಕಿವೆ. ಎಥನಾಲ್‌ನಿಂದ ಆಗುವುದು ಮೂರು. ಅದರಲ್ಲೇ ಆಮ್ಲಜನಕ ಇರುವುದರಿಂದ ಅದೇ ಗಾಳಿಗೆ ಪೆಟ್ರೋಲ್ ಸ್ವಲ್ಪ ಜಾಸ್ತಿ ಬೇಕಾಗುತ್ತದೆ. ಒಂದು ಪಾಲು ಬರೀ ಪೆಟ್ರೋಲಿಗೆ 14.7 ಪಾಲು ಗಾಳಿ ಸಾಕಾಗುವಲ್ಲಿ ಇ20ಗೆ ಸುಮಾರು 13.5 ಪಾಲು ಸಾಕು. ಹಾಗಾಗಿ ಹಳೆ ಜೆಟ್ ಇರುವ ಎಂಜಿನ್‌ಗೆ ಇದು ಪೆಟ್ರೋಲ್ ಕಮ್ಮಿ ಕೊಟ್ಟ ಹಾಗೆಯೇ. ಎರಡನೆಯದು, ಹಳೆ ರಬ್ಬರ್ ಹೋಸ್, ಡಯಾಫ್ರಾಮ್ ಉಬ್ಬಿ ಮೆತ್ತಗಾಗುತ್ತವೆ. ಮೂರನೆಯದು ನಮಗೆ ಎಲ್ಲಕ್ಕಿಂತ ದೊಡ್ಡದು: ಎಥನಾಲ್ ಗಾಳಿಯ ತೇವ ಹೀರುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಸಣ್ಣ ಎಂಜಿನ್ ದೋಣಿಗಳಿಗೆ ಅವಕಾಶ ಇದ್ದರೂ ಆ ಕಡಲಿಗೆ ಇಳಿಯುವುದು ಕಮ್ಮಿ. ಅರ್ಧ ಟ್ಯಾಂಕ್ ಪೆಟ್ರೋಲ್ ಹಾಗೇ ಮಳೆಗಾಲ ಕಳೆಯುತ್ತದೆ. ತೇವ ಒಂದು ಮಿತಿ ದಾಟಿದರೆ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ಅಡಿಗೆ ಕೂರುತ್ತವೆ. ಪೈಪ್ ಎಳೆಯುವುದು ಅಡಿಯಿಂದಲೇ ಅಲ್ವಾ? ನೀವು ಬೆರೆಸಿದ ಎಣ್ಣೆ ಹೆಚ್ಚಿನದೂ ಮೇಲಿನ ಪೆಟ್ರೋಲಿನಲ್ಲಿ ಉಳಿದಿರುತ್ತದೆ. ಎಂಜಿನ್‌ಗೆ ಹೋಗುವುದು ಎಣ್ಣೆಯೇ ಇಲ್ಲದ ನೀರು ಬೆರೆತ ಎಥನಾಲ್.

ಹಾಗಾಗಿ ಮಳೆಗಾಲ ಕಳೆದ ಮೇಲೆ ಮೊದಲ ಕೆಲಸ ಟ್ಯಾಂಕಿನ ಅಡಿಯಿಂದ ಒಂದು ಗಾಜಿನ ಬಾಟಲಿಗೆ ಪೆಟ್ರೋಲ್ ತೆಗೆದು ಅರ್ಧ ಗಂಟೆ ಇಟ್ಟು ನೋಡುವುದು. ಕೆಳಗೆ ಬೇರೆ ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಹೊಸ ಪೆಟ್ರೋಲ್ ಸೇರಿಸಿ ಓಡಿಸುವ ಆಸೆ ಬಿಡಿ. ಎಣ್ಣೆಯ ಅಳತೆ 50ಕ್ಕೆ 1 ಇದ್ದರೆ ಲೀಟರಿಗೆ 20 ಮಿಲಿ, 25 ಲೀಟರಿಗೆ ಅರ್ಧ ಲೀಟರ್. ಡಬ್ಬದ ಮೇಲೆ ಟಿಸಿ-ಡಬ್ಲ್ಯೂ3 ಎಂದಿರುವ ಎಣ್ಣೆಯೇ ಹಾಕಿ. ಕಣ್ಣಂದಾಜಿಗೆ ಸುರಿಯಬೇಡಿ. ಎಣ್ಣೆ ಜಾಸ್ತಿಯಾದರೂ ಸ್ಲೋನಲ್ಲಿ ಪ್ಲಗ್ ಒದ್ದೆಯಾಗುತ್ತದೆ. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿ ಪೆಟ್ರೋಲ್ ಮಾದರಿಯ ಎಂಜಿನ್ ಓಡಿಸುವವರಿಗೆ ಹೇಳುವುದಿಷ್ಟೇ: ಸ್ಲೋ ಸರಿ ಬೇಕೆಂದರೆ ಮೊದಲು ಅದನ್ನು ಬಿಡಿ.

ಟ್ಯಾಂಕಿನಿಂದ ಪಂಪಿನವರೆಗಿನ ಹೋಸ್‌ನಲ್ಲಿ ಬಿರುಕಿದ್ದರೆ ಪೆಟ್ರೋಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಆದ್ದರಿಂದ ಕಣ್ಣಿಗೆ ಕಾಣುವುದೇ ಇಲ್ಲ. ಪಂಪ್ ಆದ ಮೇಲೆ, ಕಾರ್ಬುರೇಟರಿನ ಮುಂಚೆ, ಒಂದು ಗೇಣು ಪಾರದರ್ಶಕ ಹೋಸ್ ಹಾಕಿ ಎಂಜಿನ್ ಓಡಿಸಿ. ಗುಳ್ಳೆ ನಿಲ್ಲದೆ ಬರುತ್ತಿದ್ದರೆ ಕನೆಕ್ಟರಿನ ಓ ರಿಂಗ್, ಬಲ್ಬಿನ ಎರಡು ತುದಿ, ಫಿಲ್ಟರ್ ಕಪ್ಪಿನ ಸೀಲ್ ಒಂದೊಂದಾಗಿ ನೋಡಿ. ಪಂಪ್ ಡಯಾಫ್ರಾಮ್ ಹರಿದಿದ್ದರೆ ಲಕ್ಷಣ ತಿರುಗಮುರುಗ. ಪಂಪ್ ನಡೆಸುವ ಒತ್ತಡ ಬರುವ ತೂತಿನಿಂದಲೇ ಪೆಟ್ರೋಲ್ ನೇರವಾಗಿ ಒಂದು ಸಿಲಿಂಡರಿನ ಕ್ರ್ಯಾಂಕ್ ಕೇಸಿಗೆ (ಪಿಸ್ಟನ್ ಹಿಂದಿನ ಕೋಣೆಗೆ) ಸೇರುತ್ತದೆ. ಆ ಒಂದು ಪ್ಲಗ್ ಮಾತ್ರ ಯಾವಾಗಲೂ ಒದ್ದೆ. ಡಯಾಫ್ರಾಮ್ ಕಿಟ್‌ಗೆ ದೊಡ್ಡ ಖರ್ಚಿಲ್ಲ. ಹಳೆ ಎಂಜಿನ್ ಕೈಗೆ ಬಂದರೆ ನಾನು ಅನುಮಾನಕ್ಕೆ ಕಾಯದೆ ಬದಲಿಸುತ್ತೇನೆ.

ಹಂಗಾರಕಟ್ಟೆಯಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಎರಡು ಸಿಲಿಂಡರ್, ಎರಡು ಕಾರ್ಬುರೇಟರಿನ ಎಂಜಿನ್.

"ಅಣ್ಣ, ಗೇರ್ ಹಾಕಿದ ಕೂಡಲೇ ಆಫ್ ಆಗ್ತದೆ."

"ಸ್ಕ್ರೂ ಮುಟ್ಟಿದ್ದೀಯಾ?"

"ಸ್ವಲ್ಪ ತಿರುಗಿಸಿದ್ದೇನೆ."

"ಎಷ್ಟು?"

"ಗೊತ್ತಿಲ್ಲ ಅಣ್ಣ. ಚಿಕ್ಕಪ್ಪನೂ ತಿರುಗಿಸಿದ್ರು."

ಹೋಗಿ ನೋಡಿದರೆ ಕಂಪ್ರೆಷನ್ ಎರಡೂ ಸಮ, ಕಿಡಿ ಎರಡರಲ್ಲೂ ನೀಲಿ. ಸ್ಟಾರ್ಟ್ ಮಾಡಿ ಏರ್ ಬಾಕ್ಸ್ ತೆಗೆದು, ಒಂದೊಂದು ಕಾರ್ಬುರೇಟರಿನ ಬಾಯಿಯನ್ನು ಬೆರಳಿನಿಂದ ಸ್ವಲ್ಪ ಮುಚ್ಚಿ ನೋಡಿದೆ. ಈ ಪರೀಕ್ಷೆಗೆ ಕಾಸಿಲ್ಲ, ಹೇಳುವುದು ಬಹಳ. ಮೇಲಿನದ್ದನ್ನು ಮುಚ್ಚಿದರೆ ಎಂಜಿನ್ ಸೊರಗಿತು. ಸರಿ ಇರುವ ಕಾರ್ಬುರೇಟರ್ ಹಾಗೆಯೇ ಮಾಡಬೇಕು. ಕೆಳಗಿನದ್ದನ್ನು ಮುಚ್ಚಿದರೆ ಸ್ಪೀಡ್ ಏರಿತು. ಅಂದರೆ ಕೆಳಗಿನ ಸಿಲಿಂಡರಿಗೆ ಪೆಟ್ರೋಲ್ ಸಾಲುತ್ತಿಲ್ಲ.

ಕೆಳಗಿನ ಕಾರ್ಬುರೇಟರಿನ ಬೌಲ್ (ಪೆಟ್ರೋಲ್ ನಿಲ್ಲುವ ಬಟ್ಟಲು) ಬಿಚ್ಚಿದಾಗ ಅಡಿಯಲ್ಲಿ ಅಲ್ಲಲ್ಲಿ ಬಿಳಿ ಪುಡಿ ಹಿಡಿದಿತ್ತು. ನೀರು ನಿಂತು ಅಲ್ಯೂಮಿನಿಯಂ ತಿಂದ ಗುರುತು ಅದು. ಪೆಟ್ರೋಲ್ ಚೆಲ್ಲಿದ ಮೇಲೂ ಮೂಲೆಯಲ್ಲಿ ಒಂದು ಹನಿ ನೀರು ಅಂಟಿಕೊಂಡಿತ್ತು. ಬೌಲ್ ಓರೆ ಮಾಡಿದರೆ ಹನಿಯೂ ಓಡುತ್ತದೆ, ಪೆಟ್ರೋಲ್ ಜೊತೆ ಸೇರುವುದಿಲ್ಲ. ಪೈಲಟ್ ಜೆಟ್ ಬಿಚ್ಚಿ ಬೆಳಕಿಗೆ ಹಿಡಿದರೆ ತೂತೇ ಕಾಣಲಿಲ್ಲ, ಜೇನಿನ ಬಣ್ಣದ ಅಂಟು ತುಂಬಿಕೊಂಡಿತ್ತು. ಮೇಲಿನ ಜೆಟ್‌ನಲ್ಲಿ ಸೂಜಿಮೊನೆಯಷ್ಟು ಬೆಳಕು ದುಂಡಗೆ ಕಾಣುತ್ತಿತ್ತು. ಕೆಳಗಿನ ಕಾರ್ಬುರೇಟರ್ ಯಾಕೆ? ಬಲ್ಬಿನಿಂದ ಬಂದ ನೀರು, ಕಸ ಹೆಚ್ಚಾಗಿ ಸೇರುವುದು ಎಲ್ಲಕ್ಕಿಂತ ಕೆಳಗಿನದರಲ್ಲೇ.

ಜೆಟ್ ತೂತಿಗೆ ಕಬ್ಬಿಣದ ಸೂಜಿ, ಗುಂಡುಪಿನ್ನು ಹಾಕಬೇಡಿ. ಹಿತ್ತಾಳೆ ಮೆದು, ತೂತು ಸ್ವಲ್ಪ ದೊಡ್ಡದಾದರೂ ಅದರ ಅಳತೆ ಹೋಯಿತು. ಸ್ಪೀಕರ್ ವಯರಿನೊಳಗಿನ ಒಂದು ಎಳೆ ತಾಮ್ರದ ತಂತಿ ಸಾಕು. ಕಾರ್ಬ್ ಕ್ಲೀನರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಟಯರ್ ಅಂಗಡಿಯ ಗಾಳಿಯಲ್ಲಿ ಊದಿ. ಫ್ಲೋಟ್, ರಬ್ಬರ್ ಸೀಲುಗಳನ್ನು ಮೊದಲು ತೆಗೆದಿಡಿ. ಜೆಟ್ ಒಂದೇ ಕ್ಲೀನ್ ಆದರೆ ಸಾಲದು. ಥ್ರಾಟಲ್ ತಟ್ಟೆಯ ಅಂಚಿನ ಹತ್ತಿರ ಗೋಡೆಯಲ್ಲಿ ಎರಡು ಮೂರು ಸೂಜಿಮೊನೆ ತೂತುಗಳಿರುತ್ತವೆ. ಸ್ಲೋನಿಂದ ಸ್ವಲ್ಪ ಮೇಲೆ ಎಳೆಯುವಾಗ ಪೆಟ್ರೋಲ್ ಅಲ್ಲಿಂದ ಬರಬೇಕು. ಸ್ಲೋನ ಮಿಶ್ರಣ ಹೊಂದಿಸುವ ಪೈಲಟ್ ಸ್ಕ್ರೂ ತೂತಿನಿಂದ ಕ್ಲೀನರ್ ಸ್ಪ್ರೇ ಮಾಡಿದರೆ ಆ ಎಲ್ಲ ತೂತುಗಳಿಂದಲೂ ಸಣ್ಣ ಕಾರಂಜಿ ಹಾರಬೇಕು. ಒಂದರಲ್ಲಿ ಬರದಿದ್ದರೂ ಕೆಲಸ ಮುಗಿದಿಲ್ಲ. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಇದನ್ನು ಮಾಡಿ.

ಬೌಲ್ ಮುಚ್ಚುವ ಮೊದಲು ಫ್ಲೋಟ್ ಎತ್ತರ ಪುಸ್ತಕದ ಅಳತೆಗೆ ಇದೆಯಾ ನೋಡಿ. ನೀಡಲ್ ವಾಲ್ವ್ ತುದಿಯಲ್ಲಿ ಬಳೆಯಂಥ ಗೆರೆ ಬಿದ್ದಿದ್ದರೆ ಬದಲಿಸಿ, ಪೆಟ್ರೋಲ್ ತುಂಬಿ ಹರಿಯುವುದು ಅದರಿಂದಲೇ.

ಏರ್ ಎಳೆಯುವ ಜಾಗಗಳು

ಕಾರ್ಬುರೇಟರ್ ಕ್ಲೀನ್ ಇದೆ, ಆದರೂ ಪೆಟ್ರೋಲ್ ಕಮ್ಮಿಯ ಲಕ್ಷಣವೇ ಬರುತ್ತಿದೆ ಎಂದರೆ ಗಾಳಿ ಬೇರೆಲ್ಲಿಂದಲೋ ಸೇರುತ್ತಿದೆ. ಎಂಜಿನ್ ಸ್ಲೋನಲ್ಲಿ ಇರುವಾಗ ಸೋಪು ನೀರನ್ನು ಕಾರ್ಬುರೇಟರ್ ಗ್ಯಾಸ್ಕೆಟ್, ಇಂಟೇಕ್, ರೀಡ್ ವಾಲ್ವ್ (ಮಿಶ್ರಣವನ್ನು ಒಳಗೆ ಬಿಟ್ಟು ವಾಪಸ್ ಬರದಂತೆ ತಡೆಯುವ ತೆಳು ಪಟ್ಟಿ) ಪ್ಲೇಟಿನ ಸುತ್ತ ಸ್ಪ್ರೇ ಮಾಡಿ. ನೀರು ಬಿದ್ದ ಜಾಗದಲ್ಲಿ ದನಿ ಬದಲಾದರೆ ಸಿಕ್ಕಿತು. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸ್ಪ್ರೇ ಮಾಡಿ ಹುಡುಕುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಹೆಚ್ಚಿನವರು ಮರೆಯುವುದು ಎಂಜಿನ್ ಬದಿಯಲ್ಲಿ ಸುತ್ತಿಕೊಂಡಿರುವ ಸಪೂರ ಹೋಸುಗಳನ್ನು. ಸ್ಲೋನಲ್ಲಿ ಉರಿಯದೆ ಉಳಿದ ಎಣ್ಣೆ, ಪೆಟ್ರೋಲ್ ಕ್ರ್ಯಾಂಕ್ ಕೇಸ್ ಅಡಿಯಲ್ಲಿ ಸೇರುತ್ತದೆ. ಅದನ್ನು ಎಳೆದು ಮತ್ತೆ ಸಿಲಿಂಡರಿಗೆ ಕೊಡುವುದು ಈ ಹೋಸುಗಳ ಕೆಲಸ. ಅವು ಗಟ್ಟಿಯಾಗಿ ತುದಿಯಲ್ಲಿ ಸೀಳಿದರೆ ನೇರ ಕ್ರ್ಯಾಂಕ್ ಕೇಸಿಗೇ ಗಾಳಿ ಹೋಗುತ್ತದೆ. ಅದರ ಚೆಕ್ ವಾಲ್ವ್ ಕಟ್ಟಿಕೊಂಡರೆ ಸೇರಿದ ಎಣ್ಣೆ ಒಮ್ಮೆಲೇ ಹೋಗಿ, ಎಂಜಿನ್ ಆಗಾಗ ಕಾರಣವಿಲ್ಲದೆ ಮುಗ್ಗರಿಸಿದ ಹಾಗಾಗುತ್ತದೆ. ಕೈಯಲ್ಲಿ ಬಗ್ಗಿಸಿ ನೋಡಿ, ಬಿರುಕು ಕಂಡರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ.

ಸ್ಲೋನಲ್ಲಿ ಕಾರ್ಬುರೇಟರ್ ಬಾಯಿಯಿಂದ ಪೆಟ್ರೋಲ್ ಮಂಜಿನಂತೆ ಹೊರಗೆ ಹಾರುತ್ತಿದ್ದರೆ ರೀಡ್ ವಾಲ್ವ್ ತುಂಡಾಗಿದೆ ಅಥವಾ ಸರಿಯಾಗಿ ಕೂರುತ್ತಿಲ್ಲ. ಬಿಚ್ಚಿ ಬೆಳಕಿಗೆ ಹಿಡಿದರೆ ಸಂದಿ ಕಾಣುತ್ತದೆ. ತುಂಡು ಹೋಗಿದ್ದರೆ ಆ ಚೂರು ಎಲ್ಲಿದೆ ಎಂದು ಹುಡುಕದೆ ಎಂಜಿನ್ ತಿರುಗಿಸಬೇಡಿ.

ಎರಡು ಮೂರು ಕಾರ್ಬುರೇಟರ್ ಇದ್ದರೆ ಅವುಗಳ ಥ್ರಾಟಲ್ ತಟ್ಟೆಗಳು ಒಟ್ಟಿಗೆ ಮುಚ್ಚಬೇಕು. ಏರ್ ಬಾಕ್ಸ್ ತೆಗೆದು, ಲಿಂಕ್ ನಿಧಾನ ಬಿಟ್ಟು ನೋಡಿ. ಒಂದು ಮೊದಲು ಮುಚ್ಚಿ ಇನ್ನೊಂದು ಸ್ವಲ್ಪ ತೆರೆದೇ ಉಳಿದರೆ ಸ್ಲೋ ಎಂದೂ ಸಮ ಬರುವುದಿಲ್ಲ.

ಕವರ್ ತೆಗೆದರೆ ಸರಿ, ಹಾಕಿದರೆ ಆಫ್

ಇದು ವಿಚಿತ್ರ ಎನಿಸುತ್ತದೆ, ಆದರೆ ಕಾರಣ ಸರಳ. ಎಲ್ಲೋ ಎಕ್ಸಾಸ್ಟ್ ಗ್ಯಾಸ್ಕೆಟ್ ಹೋಗಿ ಸುಟ್ಟ ಹೊಗೆ ಕವರಿನೊಳಗೆ ಸೇರುತ್ತಿದೆ. ಎಂಜಿನ್ ತನ್ನ ಹೊಗೆಯನ್ನೇ ಮತ್ತೆ ಎಳೆದು ಉಸಿರು ಕಟ್ಟಿ ಆಫ್ ಆಗುತ್ತದೆ. ಎಲ್ಲ ಪರೀಕ್ಷೆಯನ್ನೂ ಕವರ್ ತೆಗೆದೇ ಮಾಡುವುದರಿಂದ ಮೆಕ್ಯಾನಿಕ್ ಹತ್ತಿರ ಸರಿ, ಮನೆಗೆ ತಂದರೆ ತೊಂದರೆ. ಕವರಿನ ಒಳಬದಿ ಮಸಿ, ಎಣ್ಣೆ ಜಿಡ್ಡು ಕಂಡರೆ ಇದನ್ನೇ ಸಂಶಯಪಡಿ.

ಇದರ ತಮ್ಮನಂಥದ್ದು ಇನ್ನೊಂದು. ನೀರಿನ ಡ್ರಮ್ಮಿನಲ್ಲಿ, ಪೈಪಿನಿಂದ ಎಂಜಿನಿಗೆ ನೀರು ಕೊಡುವ ಮಫ್‌ನಲ್ಲಿ ಸರಿ. ದೋಣಿಯಲ್ಲಿ ಜನ ಕೂತ ಮೇಲೆ ಆಫ್. ಸ್ಲೋನಲ್ಲಿ ಹೊಗೆ ಹೊರಗೆ ಹೋಗಲು ನೀರಿನ ಮಟ್ಟಕ್ಕಿಂತ ಮೇಲೆ, ಎಂಜಿನ್ ಕಾಲಿನ ಹಿಂಬದಿಯಲ್ಲಿ ಸಣ್ಣ ತೂತು ಇರುತ್ತದೆ. ಅದರಲ್ಲಿ ಉಪ್ಪು, ಮಸಿ ಕಟ್ಟಿಕೊಂಡರೆ ಹೊಗೆಗೆ ದಾರಿ ಇಲ್ಲ. ತಂತಿ ಹಾಕಿ ಬಿಡಿಸಿ.

ಥರ್ಮೋಸ್ಟಾಟ್ ಬಗ್ಗೆ ಒಂದು ಮಾತು. ಬಿಸಿ ಜಾಸ್ತಿಯಾಗುತ್ತದೆ ಎಂದು ಅದನ್ನು ಕಿತ್ತು ಬಿಸಾಡುವ ಅಭ್ಯಾಸ ಇದೆ. ಆಮೇಲೆ ಎಂಜಿನ್ ಬಿಸಿಯೇ ಆಗುವುದಿಲ್ಲ. ಪೆಟ್ರೋಲ್ ಸರಿಯಾಗಿ ಆವಿಯಾಗದೆ ಪ್ಲಗ್ ಒದ್ದೆಯಾಗುತ್ತದೆ, ಸ್ಲೋ ದಡಬಡ ಎನ್ನುತ್ತದೆ. ಬಿಸಿ ನೀರಿನ ಪಾತ್ರೆಯಲ್ಲಿ ದಾರ ಕಟ್ಟಿ ಇಳಿಸಿ, ಪುಸ್ತಕದಲ್ಲಿ ಹೇಳಿದ ಬಿಸಿಗೆ ತೆರೆಯುತ್ತದಾ ನೋಡಿ. ತೆರೆಯದಿದ್ದರೆ ಹೊಸದು ಹಾಕಿ, ಜಾಗ ಖಾಲಿ ಬಿಡಬೇಡಿ.

ಈಗ ಸ್ಕ್ರೂ

ಇಷ್ಟೂ ಆದ ಮೇಲೆ ಸ್ಕ್ರೂ ಡ್ರೈವರ್ ತೆಗೆದುಕೊಳ್ಳಿ. ಪೈಲಟ್ ಸ್ಕ್ರೂವನ್ನು ಎಣಿಸುತ್ತಾ ಒಳಗೆ ತಿರುಗಿಸಿ, ಮೆತ್ತಗೆ ಕೂತ ಕೂಡಲೇ ನಿಲ್ಲಿಸಿ. ಬಿಗಿ ಮಾಡಿದರೆ ಮೊನೆ ಮುರಿದು ಕಾರ್ಬುರೇಟರೇ ಹಾಳು. ಎಷ್ಟು ಸುತ್ತು ಇತ್ತು ಎಂದು ಬರೆದಿಟ್ಟುಕೊಳ್ಳಿ. ಪುಸ್ತಕದ ಅಂಕಿ ಇದ್ದರೆ ಅಷ್ಟು, ಇಲ್ಲದಿದ್ದರೆ ಒಂದೂವರೆ ಸುತ್ತು ಹೊರಗೆ ತಂದು ಶುರುಮಾಡಿ. ಸ್ಕ್ರೂ ಎಂಜಿನ್ ಕಡೆಗೆ ಇದ್ದರೆ ಸಾಮಾನ್ಯವಾಗಿ ಅದು ಪೆಟ್ರೋಲ್ ಮಿಶ್ರಣದ್ದು, ಒಳಗೆ ತಿರುಗಿಸಿದರೆ ಪೆಟ್ರೋಲ್ ಕಮ್ಮಿ. ಗಾಳಿ ಬರುವ ಬಾಯಿಯ ಕಡೆಗೆ ಇದ್ದರೆ ಗಾಳಿ ಸ್ಕ್ರೂ, ಲೆಕ್ಕ ಉಲ್ಟಾ.

ಸೆಟ್ಟಿಂಗನ್ನು ಮಫ್‌ನಲ್ಲಿ ಮಾಡಬೇಡಿ. ನೀರಿನ ಒತ್ತಡ, ಪ್ರೊಪೆಲ್ಲರಿನ ಭಾರ ಇಲ್ಲದೆ ಸ್ಪೀಡ್ ಜಾಸ್ತಿ ತೋರಿಸುತ್ತದೆ. ದೋಣಿಯನ್ನು ಹೊಳೆಯಲ್ಲಿ ಎರಡೂ ಬದಿ ಗಟ್ಟಿಯಾಗಿ ಕಟ್ಟಿ, ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಮುಂದಿನ ಗೇರ್ ಹಾಕಿ. ಕಿಲ್ ಸ್ವಿಚ್ಚಿನ ಹಗ್ಗ ಕೈಗೆ ಕಟ್ಟಿಕೊಳ್ಳಿ, ಪ್ರೊಪೆಲ್ಲರ್ ಹತ್ತಿರ ಯಾರೂ ನೀರಿಗೆ ಇಳಿಯಬಾರದು. ಒಂದು ಕಾರ್ಬುರೇಟರಿನ ಪೈಲಟ್ ಸ್ಕ್ರೂವನ್ನು ಎಂಟನೇ ಒಂದು ಸುತ್ತಿನಂತೆ ಪೆಟ್ರೋಲ್ ಕಮ್ಮಿ ಕಡೆಗೆ ತಿರುಗಿಸಿ. ಪ್ರತಿ ಸಲ ಕಾಲು ನಿಮಿಷ ಕಾಯಿರಿ, ಟೂ ಸ್ಟ್ರೋಕ್ ತಡವಾಗಿ ಉತ್ತರ ಕೊಡುತ್ತದೆ. ಸೀನಲು ಶುರುವಾದಾಗ ನಿಲ್ಲಿಸಿ. ಈಗ ಜಾಸ್ತಿ ಕಡೆಗೆ ತಿರುಗಿಸುತ್ತಾ ಬನ್ನಿ, ದನಿ ದಪ್ಪವಾಗಿ ಮುಗ್ಗರಿಸುವ ಜಾಗ ಸಿಗುತ್ತದೆ. ಎರಡರ ನಡುವೆ ಇಟ್ಟು, ಮತ್ತೆ ಸ್ವಲ್ಪ ಪೆಟ್ರೋಲ್ ಜಾಸ್ತಿ ಕಡೆಗೇ ವಾಲಿಸಿ. ಇ20 ಇರುವಾಗ ಹಳೆ ಅಂಕಿಗಿಂತ ಕಾಲು ಸುತ್ತು ಜಾಸ್ತಿ ಬಂದರೆ ಆಶ್ಚರ್ಯಪಡಬೇಡಿ. ನಂತರ ಇನ್ನೊಂದು ಕಾರ್ಬುರೇಟರ್. ಕೊನೆಗೆ ಸ್ಲೋನ ಆರ್‌ಪಿಎಂ ಹೊಂದಿಸುವ ಸ್ಪೀಡ್ ಸ್ಕ್ರೂ.

ಸ್ಪೀಡ್ ಸ್ಕ್ರೂ ಏರಿಸಿ ತೊಂದರೆ ಮುಚ್ಚಿಹಾಕುವುದು ಸುಲಭ. ಆದರೆ ಸ್ಲೋ ಜಾಸ್ತಿ ಇದ್ದಷ್ಟೂ ಗೇರ್ ಹಾಕುವಾಗ ಖಟ್ ಎಂದು ಬಡಿಯುತ್ತದೆ. ಒಳಗೆ ಗೇರ್ ಹಿಡಿಯುವ ಡಾಗ್ ಕ್ಲಚ್‌ನ ಹಲ್ಲು ಸವೆದು, ಮುಂದೊಂದು ದಿನ ಭಾರ ಬಿದ್ದಾಗ ಗೇರ್ ಹಾರುತ್ತದೆ. ಗೇರಿನಲ್ಲಿ ಪುಸ್ತಕ ಹೇಳಿದ ಆರ್‌ಪಿಎಂಗೆ ನಿಲ್ಲಬೇಕು. ಇಂಥ ಎಂಜಿನ್‌ಗಳಲ್ಲಿ ಅದು ಹೆಚ್ಚಾಗಿ ಸಾವಿರದ ಆಸುಪಾಸು ಅಥವಾ ಅದಕ್ಕಿಂತ ಕಮ್ಮಿ.

ಆಮೇಲೆ ಟ್ರಯಲ್. ಕಾಲು ಗಂಟೆ ಸ್ಲೋನಲ್ಲೇ ಬಿಡಿ. ಒಮ್ಮೆಲೇ ಥ್ರಾಟಲ್ ಎಳೆಯಿರಿ, ಮುಗ್ಗರಿಸಿದರೆ ಎಂಟನೇ ಒಂದು ಸುತ್ತು ಪೆಟ್ರೋಲ್ ಜಾಸ್ತಿ ಮಾಡಿ. ಕಟ್ಟು ಬಿಚ್ಚಿ ಹೊಳೆಯಲ್ಲಿ ಫುಲ್ ಓಡಿಸಿ, ಥಟ್ಟನೆ ಇಳಿಸಿ, ರಿವರ್ಸ್ ಹಾಕಿ. ಒಮ್ಮೆ ಆಫ್ ಆದರೂ ಅಂದು ಕಡಲಿಗೆ ಬೇಡ.

ಎಲ್ಲ ಮಾಡಿಯೂ ಎಂಜಿನ್ ತಣ್ಣಗಿರುವಾಗ ಸರಿ, ಬಿಸಿಯಾದ ಮೇಲೆ ಸ್ಲೋ ಏರುತ್ತಾ ಹೋಗಿ ಸೀನುತ್ತದೆ ಎಂದರೆ ಉಳಿಯುವುದು ಕ್ರ್ಯಾಂಕ್ ಶಾಫ್ಟಿನ ಮೇಲಿನ, ಕೆಳಗಿನ ಎಣ್ಣೆ ಸೀಲುಗಳು. ಮೇಲಿನದನ್ನು ಫ್ಲೈವೀಲ್ ತೆಗೆದು ನೋಡಬಹುದು, ಸುತ್ತ ಎಣ್ಣೆ ಒದ್ದೆ ಇದ್ದರೆ ಅದೇ. ಫ್ಲೈವೀಲ್ ತೆಗೆದಾಗ ಅದರ ಕೀಲಿ ಅರ್ಧ ಕತ್ತರಿಸಿದೆಯಾ ಎಂದೂ ನೋಡಿ, ಅದರಿಂದ ಟೈಮಿಂಗೇ ತಪ್ಪುತ್ತದೆ. ಕೆಳಗಿನ ಸೀಲ್‌ಗೆ ಪವರ್ ಹೆಡ್ (ಕಾಲಿನ ಮೇಲೆ ಕೂತಿರುವ ಎಂಜಿನ್ ಭಾಗ) ಎತ್ತಲೇಬೇಕು. ಕ್ರ್ಯಾಂಕ್ ಕೇಸಿಗೆ ಕಮ್ಮಿ ಒತ್ತಡದ ಗಾಳಿ ತುಂಬಿ ಸೋರುತ್ತದಾ ಎಂದು ನೋಡುವ ಸಾಮಾನು ಇರುವ ವರ್ಕ್‌ಶಾಪಿಗೆ ಕೊಡಿ. ಕೊಡುವಾಗ ಕಂಪ್ರೆಷನ್ ಅಂಕಿ, ಯಾವ ಸಿಲಿಂಡರಿನ ಪ್ಲಗ್ ಹೇಗಿತ್ತು, ಯಾವ ಕಾರ್ಬುರೇಟರ್ ಬಾಯಿ ಮುಚ್ಚಿದಾಗ ಏನಾಯಿತು, ಸ್ಕ್ರೂ ಎಷ್ಟು ಸುತ್ತಿನಲ್ಲಿದೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಅವರು ಮೊದಲಿನಿಂದ ಹುಡುಕಬೇಕಾಗಿಲ್ಲ.